ಮಟಮಟ ಮಧ್ಯಾಹ್ನದ ಈಸಲು

ಬಹಳ ಬಹಳ ಹಿಂದೆ, ಬೆಟ್ಟಗಳೆಲ್ಲ ಇನ್ನೂ ಹಸಿಮಣ್ಣಾಗಿದ್ದ ಕಾಲದಲ್ಲಿ, ಯಾವ ಜೀವಕ್ಕೂ ಹೆಸರೇ ಇರಲಿಲ್ಲವಂತೆ. ಯಾರಾದರೂ "ಏ" ಎಂದು ಕೂಗಿದರೆ ಆನೆಯೂ ತಿರುಗಿ ನೋಡುತ್ತಿತ್ತು, ಇರುವೆಯೂ ತಿರುಗಿ ನೋಡುತ್ತಿತ್ತು. ಈ ಗಲಾಟೆ ತಾಳಲಾರದೆ ದೇವರು ಒಂದು ದಿನ ಹೊಂಗೆ ಮರದ ಕೆಳಗೆ ಕಂಬಳಿ ಹಾಸಿ ಕೂತು, ಹೆಸರು ಹಂಚುತ್ತೇನೆ ಬನ್ನಿ ಎಂದು ಡಂಗುರ ಸಾರಿಸಿದ. ನವಿಲು ಎಲ್ಲರಿಗಿಂತ ಮೊದಲು ಬಂದು ಸೀರೆ ಹರಡಿಕೊಂಡು ಮುಂದಿನ ಸಾಲಿನಲ್ಲೇ ಕೂತಿತು. ಕಪ್ಪೆ ತನಗೆ ಸಿಕ್ಕಿದ್ದನ್ನು ಮರೆತುಬಿಟ್ಟೇನೆಂದು ಆವತ್ತಿನಿಂದ ಇವತ್ತಿನವರೆಗೂ ಬಾಯಿಪಾಠ ಮಾಡುತ್ತಲೇ ಇದೆ. ಹಾವು ತನ್ನ ಹೆಸರನ್ನು ಬಿಲದೊಳಗೆ ಬಚ್ಚಿಟ್ಟುಕೊಂಡಿತು; ಅದಕ್ಕೇ ದೊಡ್ಡವರು ಅದನ್ನು ಹೆಸರು ಹಿಡಿದು ಕರೆಯದೆ 'ಹುಳ' ಅನ್ನುವುದು. ಸಂಜೆಯ ಹೊತ್ತಿಗೆ ದೇವರ ಚೀಲ ತಳ ಕಂಡಿತು. ಆಗ ಮೈಯೆಲ್ಲ ಮಣ್ಣು ಮೆತ್ತಿಕೊಂಡು ಗೆದ್ದಲಿನ ಕುಲ ಬಂತು.

"ಮನೆ ಕಟ್ತಾ ಇದ್ವಿ ಸ್ವಾಮಿ, ತಡ ಆಯ್ತು."

ದೇವರು ಚೀಲ ಕೊಡವಿದ. ಒಂದೇ ಒಂದು ಹೆಸರು ಬಿತ್ತು. "ಇಷ್ಟೇ ಉಳಿದಿರೋದು. ನೀವು ನೂರು ಮನೆಯವರೂ ಇದನ್ನೇ ಹಂಚ್ಕೊಳ್ಳಿ," ಎಂದು ಕಂಬಳಿ ಮಡಿಸಿಕೊಂಡು ಎದ್ದುಹೋದ.

"ಆಮೇಲೆ?" ಎಂದು ಐದು ವರ್ಷದ ಶ್ಯಾಮಲಾ ಕೇಳಿದರೆ, ಅಜ್ಜಿ ಅಮ್ಮಾಜಮ್ಮ "ಆಮೇಲೇನು, ದೇವ್ರೂ ಮಲಗ್ದ, ನೀನೂ ಮಲಕ್ಕೊ" ಅನ್ನುತ್ತಿದ್ದಳು.

ಆ 'ಆಮೇಲೆ' ಶ್ಯಾಮಲಾಗೆ ಸಿಕ್ಕಿದ್ದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಬಂಗಾರಪೇಟೆಯ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ. ದೇವರು ಬಿಟ್ಟುಹೋದ ಕೆಲಸವನ್ನು ಮನುಷ್ಯರು ಇನ್ನೂ ಮಾಡುತ್ತಲೇ ಇದ್ದರು. ಹೆಸರು ಸಿಕ್ಕಿದ ಜೀವಗಳಿಗಿಂತ ಸಿಗದವೇ ಹೆಚ್ಚು ಎಂದು ರಾಧಾಮಣಿ ಮೇಡಂ ಹೇಳಿದ ದಿನ ಅವಳಿಗೆ ಊಟ ಸೇರಿರಲಿಲ್ಲ. ಎಂ.ಎಸ್ಸಿ. ಮುಗಿಸಿದ ಮೇಲೆ ಅವಳು ಅದೇ ಮೇಡಂ ಕೈಕೆಳಗೆ ತಾಲ್ಲೂಕಿನ ಗೆದ್ದಲುಗಳ ಸಮೀಕ್ಷೆಗೆ ಸೇರಿಕೊಂಡಳು. ಕಾಮಸಮುದ್ರದ ಹೊಲದ ಬದುಗಳಿಂದ ಹಿಡಿದು ಸ್ಟೇಷನ್ ಹಿಂದಿನ ಬೇವಿನ ಸಾಲಿನವರೆಗೆ ಕಂಡ ಕಂಡ ಹುತ್ತ ಕೆದಕಿ, ಸ್ಪಿರಿಟ್ ತುಂಬಿದ ಬೆರಳುದ್ದದ ಸೀಸೆಗಳಲ್ಲಿ ಗೆದ್ದಲು ತುಂಬಿ ತರುವುದು ಅವಳ ಕೆಲಸ.

ಹಳೆಯ ಚಿನ್ನದ ಗಣಿಯ ಬಡಾವಣೆಯಾದ ಚಾಂಪಿಯನ್ ರೀಫ್ಸ್‌ನಲ್ಲಿ ಅವಳ ಮನೆಯ ಹಿಂದೆಯೇ ಎದೆಮಟ್ಟದ ಒಂದು ಹುತ್ತವಿತ್ತು. ಒಂದು ಕಡೆ ಜನ ಗಣಿಗಿಳಿಯುತ್ತಿದ್ದ, ಈಗ ಮುಚ್ಚಿಹೋದ ಶಾಫ್ಟಿನ ಗೋಡೆ, ಇನ್ನೊಂದು ಕಡೆ ಗಣಿಯಿಂದ ತೆಗೆದ ಬೂದಿಬಣ್ಣದ ಮಣ್ಣಿನ ಗುಡ್ಡ, ನಡುವೆ ಅದು. ಹುಟ್ಟಿದಾಗಿನಿಂದ ನೋಡಿದ್ದರಿಂದ ಅದನ್ನು ಕೆದಕಬೇಕೆಂದು ಅವಳಿಗೆ ಹೊಳೆದದ್ದೇ ಎಲ್ಲಕ್ಕಿಂತ ಕೊನೆಗೆ.

ಆ ಹುತ್ತದ ಸಿಪಾಯಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟ ಮೇಡಂ ಬಹಳ ಹೊತ್ತು ಕಣ್ಣು ಮೇಲೆತ್ತಲಿಲ್ಲ. ಗೆದ್ದಲಿನ ಮನೆಯಲ್ಲಿ ದುಡಿಯುವವು ಬೇರೆ, ಕಾವಲು ಕಾಯುವ ಸಿಪಾಯಿಗಳು ಬೇರೆ, ಮಳೆ ಬಿದ್ದ ಮೇಲೆ ರೆಕ್ಕೆ ಕಟ್ಟಿಕೊಂಡು ಹೊರಗೆ ಹಾರುವ ಈಸಲುಗಳೇ ಬೇರೆ. ಒಂದು ಬಗೆಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಹೆಚ್ಚಾಗಿ ಸಿಪಾಯಿಯ ದವಡೆ.

"ನೀನೇ ನೋಡು. ಎಡ ದವಡೆಯ ಹಲ್ಲೆಲ್ಲಿದೆ?"

ಶ್ಯಾಮಲಾ ಬಗ್ಗಿದಳು. ಕುಡುಗೋಲಿನಂಥ ದವಡೆ. ಈ ಸುತ್ತಿನ ಉಳಿದ ಸಿಪಾಯಿಗಳಿಗೆಲ್ಲ ಅದರ ನಡುಮಧ್ಯದಲ್ಲಿ ಒಂದು ಹಲ್ಲು. ಇದಕ್ಕೆ ಹಲ್ಲು ಬುಡಕ್ಕೆ ಜಾರಿ, ಸಾಸಿವೆಯ ಸಿಪ್ಪೆಯಷ್ಟಾಗಿ ಅಡಗಿ ಕೂತಿತ್ತು.

"ಕೆಳಗಿದೆ ಮೇಡಂ. ಹದಿನಾರು ನೋಡ್ದೆ, ಹದಿನಾರರಲ್ಲೂ ಕೆಳಗೇ ಇದೆ."

ಅವರು ಚಿತ್ರಗಳನ್ನು ಬೆಂಗಳೂರಿನ ಗೆದ್ದಲು ತಜ್ಞರೊಬ್ಬರಿಗೆ ಕಳಿಸಿದರು. ನಾಲ್ಕು ಸಾಲಿನ ಉತ್ತರ ಬಂತು. ಸಿಪಾಯಿ ಬೇರೆಯೇ ಕಾಣುತ್ತದೆ; ಆದರೆ ಬರೀ ಸಿಪಾಯಿಯನ್ನು ನಂಬಿ ಹೊಸ ಜಾತಿ ಎಂದು ಹೇಳುವ ಧೈರ್ಯ ತನಗಿಲ್ಲ; ಅದೇ ಹುತ್ತದ ರೆಕ್ಕೆಯವು, ಸಿಪಾಯಿಗಳ ಜೊತೆಗೇ ಬೇಕು. ತಾನು ಇಲ್ಲಿರುವುದು ಮೇ ಮೂರನೆಯ ಶನಿವಾರದವರೆಗೆ, ಆಮೇಲೆ ಎರಡು ವರ್ಷ ಹೊರದೇಶ.

"ನಮ್ಮ ಹುತ್ತದ್ದು ಮಧ್ಯಾಹ್ನವೇ ಹಾರ್ತವೆ ಮೇಡಂ, ಚಿಕ್ಕೋಳಿದ್ದಾಗ ನೋಡಿದೀನಿ," ಎಂದು ಶ್ಯಾಮಲಾ ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರೆದುರು ಹೇಳಿದ್ದೇ ತಪ್ಪಾಯಿತು. ಈ ಕುಲದ್ದು ಹಾರುವುದು ಕತ್ತಲಾದ ಮೇಲೆ ತಾನೇ, ಶ್ಯಾಮಲಾ ಕನಸು ಕಂಡಿರಬೇಕು, ಅವಳು ಬಸ್ಸಲ್ಲಿ ನಿಂತೇ ಕನಸು ಕಾಣುವವಳು ಎಂದು ನಕ್ಕರು. ರಾಧಾಮಣಿ ಮೇಡಂ ನಗಲಿಲ್ಲ.

"ಹಿಡಿದು ತಂದು ತೋರಿಸು. ತಂದರೆ ಪ್ರಬಂಧದಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ನಿನ್ನ ಹೆಸರಿರುತ್ತೆ. ತರದಿದ್ದರೆ ಇದು ಎರಡು ವರ್ಷ ಕಪಾಟಿನಲ್ಲಿರುತ್ತೆ, ಅಷ್ಟರಲ್ಲಿ ನೀನೆಲ್ಲೋ ನಾನೆಲ್ಲೋ."

"ಈ ಮಳೆಗೇ ತರ್ತೀನಿ ಮೇಡಂ," ಎಂದು ಶ್ಯಾಮಲಾ ಮಾತು ಕೊಟ್ಟಳು.

ಮನೆಗೆ ಬಂದು ಅಜ್ಜಿಗೆ ಎಲ್ಲ ವಿವರಿಸಿದಳು. ಅಮ್ಮಾಜಮ್ಮ ಹುಟ್ಟಿದ್ದು ಕಾಮಸಮುದ್ರದ ಪಕ್ಕದ ಹಳ್ಳಿಯಲ್ಲಿ, ಆಂಧ್ರದ ಗಡಿಗೆ ಕೂಗಳತೆಯಲ್ಲಿ. ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೇಳಿಸಿಕೊಂಡಳು.

"ಒಂದು ಉಳಕ್ಕೆ ಎರಡೆರಡು ಎಸರ್ಯಾಕೆ?"

"ಮೊದಲನೇದು ಕುಲದ್ದು ಅಜ್ಜಿ. ಓಡಾಂಟೊಟರ್ಮಿಸ್. ಹಲ್ಲಿನ ಗೆದ್ದಲು ಅಂತ. ಎರಡನೇದು ಅದರ ಸ್ವಂತದ್ದು."

"ಅಂಗನ್ನು. ನಮ್ಮ ಇಂಟಿಪೇರು, ಮನೆತನದ ಎಸರು ಇದ್ದಂಗೆ." ಅಜ್ಜಿ ಬೀಜ ಬಿಡಿಸುವುದನ್ನು ನಿಲ್ಲಿಸಿದಳು. "ನಮ್ಮೂರಾಗೆ ನಾನು ಬಂಡಿಯೋರ ಅಮ್ಮಾಜಮ್ಮ. ಪಕ್ಕದ ಬೀದೀಲಿ ಇನ್ನೊಬ್ಳು, ಕುದುರೆಯೋರ ಅಮ್ಮಾಜಮ್ಮ. ಮನೆತನ ಏಳ್ದೆ ಬರೀ ಅಮ್ಮಾಜಮ್ಮ ಊಟಕ್ಕೆ ಬರ್ಲಿ ಅಂದ್ರೆ ಇಬ್ರೂ ಓಗಿ ಕೂತ್ಕೊತಿದ್ವಿ. ಇದನ್ನ ಕಲಿಯೋಕೆ ನಿಮಗೆ ಕಾಲೇಜು ಬೇಕಾಯ್ತೇನೆ?"

ಶ್ಯಾಮಲಾ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡಳು. ಅಜ್ಜಿಗೆ ಎಲ್ಲ ತಿಳಿಯಿತು ಎಂದುಕೊಂಡದ್ದೇ ಅವಳು ಮಾಡಿದ ತಪ್ಪು.

ಮೊದಲ ಮಳೆ ಬಂದದ್ದು ಆ ಕೊನೆಯ ವಾರದ ಬುಧವಾರ ರಾತ್ರಿ, ತಜ್ಞರನ್ನು ಕಾಣಲು ಮೇಡಂ ಬೆಂಗಳೂರಿಗೆ ಹೊರಡಲು ಎರಡೇ ದಿನ ಇರುವಾಗ. ಗುರುವಾರ ಬೆಳಿಗ್ಗೆ ಅಪ್ಪ ಅಮ್ಮ ಎಂದಿನಂತೆ ಮೊದಲ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೋದರು. ಶ್ಯಾಮಲಾ ಹುತ್ತದ ಮುಂದೆ ಮಣೆ ಹಾಕಿಕೊಂಡು ಕೂತಳು. ಹನ್ನೊಂದಾಯಿತು. ಹನ್ನೆರಡಾಯಿತು. ತೊಳೆದಿಟ್ಟಂಥ ಬಿಸಿಲು. ಹನ್ನೆರಡೂ ಹತ್ತಕ್ಕೆ ಹುತ್ತದ ಮೈಯಲ್ಲಿ ಸೀಳು ಬಿಟ್ಟು, ಅದರಿಂದ ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಎಣಿಸಲಾರದಷ್ಟು ಈಸಲುಗಳು ಉಕ್ಕಿದವು. ಜೇನುಬಣ್ಣದ ರೆಕ್ಕೆಗಳು ಬಿಸಿಲಿನಲ್ಲಿ ತಿರುಗುತ್ತ ಮೇಲೇರಿದವು. ಅವಳ ಕೂದಲಲ್ಲಿ, ಕತ್ತಿನಲ್ಲಿ, ಕನ್ನಡಕದ ಮೇಲೆ ಈಸಲು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಸೀಸೆಗೆ ಆಮೇಲೆ ಇಳಿಸಿದರಾಯಿತೆಂದು ಕೈಗೆ ಸಿಕ್ಕಿದ ಸ್ಟೀಲ್ ಬೇಸಿನ್ ತುಂಬ ಬಾಚಿ, ಒದ್ದೆ ಬಟ್ಟೆ ಮುಚ್ಚಿ, ಅಡುಗೆಮನೆಯ ಹೊಸ್ತಿಲ ಒಳಗಿಟ್ಟು ಮೇಡಂಗೆ ಫೋನ್ ಮಾಡಿದಳು.

"ಹಾರ್ತಾ ಇವೆ ಮೇಡಂ. ಮಟಮಟ ಮಧ್ಯಾಹ್ನ. ಬೇಸಿನ್ ತುಂಬ ಇದೆ."

"ಈಗಲೇ ವಾಪಸ್ ಹೋಗು. ಎಷ್ಟು ಹೊತ್ತು ಹಾರಿದವು, ಗಾಳಿ ಎತ್ತ ಬೀಸ್ತಿತ್ತು, ಯಾವಾಗ ನಿಂತವು, ಎಲ್ಲಾ ಬರಿ. ಹಿಡಿದದ್ದು ಎಲ್ಲಿಗೂ ಹೋಗಲ್ಲ."

ಶ್ಯಾಮಲಾ ಓಡಿದಳು. ಕೊನೆಯ ಈಸಲು ಹಾರುವವರೆಗೆ, ಕಾಗೆ ಗೊರವಂಕಗಳು ನೆಲದಲ್ಲಿ ಬಿದ್ದವನ್ನೆಲ್ಲ ಹೆಕ್ಕಿ ಮುಗಿಸುವವರೆಗೆ, ಮುಕ್ಕಾಲು ಗಂಟೆ ಬರೆದಳು. ಹಿಂದಿರುಗುವಾಗ ಓಣಿಯಲ್ಲೇ ಒಗ್ಗರಣೆಯ ಘಮ ಬಂತು. ಕರಿಬೇವು, ಒಣಮೆಣಸಿನಕಾಯಿ, ಇನ್ನೊಂದು ಏನೋ, ಹುರಿದ ಕೊಬ್ಬರಿಯಂಥದ್ದು.

ಜಗಲಿಯ ಮೇಲೆ ಅಜ್ಜಿ ಮತ್ತು ಪಕ್ಕದ ಮನೆಯ ಸೆಲ್ವರಾಜ್ ಕೂತಿದ್ದರು. ಸೆಲ್ವರಾಜ್ ಇಪ್ಪತ್ತೆರಡು ವರ್ಷ ಗಣಿಯೊಳಗೆ ದುಡಿದವನು. ಇಬ್ಬರ ನಡುವೆ ಮೊರ, ಮೊರದಲ್ಲಿ ಕಡ್ಲೆಪುರಿ, ಕಡ್ಲೆಪುರಿಯ ನಡುವೆ ಹೊಂಬಣ್ಣಕ್ಕೆ ಹುರಿದ ಈಸಲು.

"ವಾ ಪಾಪಾ, ಬಾ, ಬಿಸಿ ಇದೆ," ಎಂದ ಸೆಲ್ವರಾಜ್, ಬಾಯಿ ತುಂಬ ಇಟ್ಟುಕೊಂಡು. "ಅಕ್ಕ ಏನು ಕೈ, ಏನು ಕೈ."

ಬೇಸಿನ್ ಬೋರಲಾಗಿತ್ತು. ಅಂಗಳದಲ್ಲಿ ತೂರಿದ ರೆಕ್ಕೆಗಳು ಗಾಳಿಗೆ ಓಡಾಡುತ್ತಿದ್ದವು.

"ಅಜ್ಜಿ, ಅದು ಲ್ಯಾಬಿಗೆ ತಂದದ್ದು."

"ಯಾವ್ದು?"

"ಈಸಲು. ಅದೇ ಹೇಳಿದ್ನಲ್ಲ."

"ಅಲ್ಲು, ದವಡೆ ಅಂತ ನೀನು ಏಳಿದ್ದು ಗೆದ್ದಲು ಕಣೆ, ಇದು ಈಸಲು." ಅಮ್ಮಾಜಮ್ಮನ ಕೈ ಮೊರದ ಮೇಲೆ ನಿಂತಿತು. "ಮಳೆ ಬಂದ ಮಾರ್ನೆ ದಿನ ಎಣ್ಮಗ ಬೇಸಿನ್ ತುಂಬ ಈಸಲು ತಂದು ಒಲೆ ಅತ್ರ ಇಟ್ರೆ, ಕಾಮಸಮುದ್ರದ ಸೀಮೇಲಿ ಯಾರಾದ್ರೂ ಪೂಜೆ ಮಾಡ್ತಾರಾ?"

ಸೆಲ್ವರಾಜ್ ಅಗಿಯುವುದನ್ನು ನಿಲ್ಲಿಸಿ, ನುಂಗಬೇಕೋ ಉಗಿಯಬೇಕೋ ತಿಳಿಯದೆ ಇಬ್ಬರನ್ನೂ ನೋಡಿದ. "ಪಾಪಾ, ನಂದು ಎರಡೇ ಹಿಡಿ. ಮೂರಿರಬೋದು."

ಶ್ಯಾಮಲಾ ಮೊರವನ್ನು ಮುಂದೆಳೆದುಕೊಂಡು ಹುಡುಕಿದಳು. ರೆಕ್ಕೆಯಿಲ್ಲ, ಕಾಲಿಲ್ಲ, ಎಣ್ಣೆಯಲ್ಲಿ ಕಣ್ಣುಗಳು ಸಿಡಿದುಹೋಗಿವೆ. ಮೇಡಂ ನಾಳೆ ಮೂರೂವರೆಯ ರೈಲಿಗೆ ಹೊರಡುತ್ತಾರೆ. ಬರಿಗೈಲಿ ಹೋಗಿ, ಹಾರಿದವು ಮೇಡಂ, ನಮ್ಮಜ್ಜಿ ತಿಂದುಬಿಟ್ಟಳು ಎಂದರೆ ಡಿಪಾರ್ಟ್‌ಮೆಂಟು ವರ್ಷವಿಡೀ ನಗುತ್ತದೆ.

ಅಜ್ಜಿ ಅವಳ ಮುಖವನ್ನು ನೋಡಲಿಲ್ಲ, ಬೆರಳ ತುದಿಯ ಒಂದು ಈಸಲನ್ನು ನೋಡುತ್ತಿದ್ದಳು. "ಆದ್ರೂ ಒಂದು ಮಾತು ಮಗ. ಇದು ಇರುಳೀಸಲು ಅಲ್ಲ. ಅದು ಬರೀ ಜಿಡ್ಡು, ಬಾಣಲೀಲಿ ಎಣ್ಣೇನೇ ಬೇಡ. ಕೋಳಿ ಕೂಗೋ ಒತ್ತಿಗೆ ಏಳೋದು ಇನ್ನೊಂದು, ಅದು ಕಹಿ, ಅದನ್ನ ಯಾರೂ ಮುಟ್ಟಲ್ಲ. ಇದು ಸಿಹಿ. ಇದು ಬಿಸಿಲೀಸಲು. ನಮ್ಮವ್ವ ಬಾಣಲೀಲಿ ಉರ್ದು ಕೊಡ್ತಿದ್ಲು. ನಾನು ಬಾಯಿಗಿಟ್ಟು ಅರವತ್ತು ವರ್ಷ ಆಯ್ತು, ಇಲ್ಲಿ ಬಾಚ್ಕೊಂಡು ಬಂದು ಕೊಟ್ಟೋರು ಯಾರೂ ಇಲ್ಲ."

ಅಳು ಬರುವುದರಲ್ಲಿದ್ದ ಶ್ಯಾಮಲಾ ಅಲ್ಲೇ ನಿಂತುಬಿಟ್ಟಳು. ಮೂರು ಬಗೆ. ಏಳುವ ಹೊತ್ತಿನಿಂದ ಬೇರೆ, ನಾಲಿಗೆಯ ಮೇಲೆ ಬೇರೆ. ತಜ್ಞರು ದವಡೆಯಲ್ಲಿ ಹುಡುಕುತ್ತಿದ್ದದ್ದನ್ನು ಈ ಮುದುಕಿ ಬಾಣಲೆಯಲ್ಲಿ ಕಂಡುಕೊಂಡಿದ್ದಳು.

"ನಿಮ್ಮೂರಲ್ಲೂ ಇದ್ವಾ?"

"ಇದ್ದೊ. ಆ ಉತ್ತ ಕಿತ್ತು ಗದ್ದೆ ಮಾಡಿದ್ರು." ಅಜ್ಜಿ ಕೈ ಒರೆಸಿಕೊಂಡು ಎದ್ದಳು. "ಅಳ್ಬೇಡ. ತಿಂದೋಳು ನಾನು, ಈಸ್ಕೊಡೋಳೂ ನಾನೇ."

"ಎಲ್ಲಾ ಹಾರಿಹೋದ್ವು ಅಜ್ಜಿ."

"ಯಾರಾದ್ರೂ ಮನೇಲಿರೋ ಎಣ್ಮಕ್ಕಳನ್ನೆಲ್ಲ ಒಂದೇ ಮೂರ್ತಕ್ಕೆ ಧಾರೆ ಎರೀತಾರೇನೆ? ಒಳಗೆ ಇನ್ನೂ ಅವೆ. ಇನ್ನೊಂದು ಮಳೆಗೆ ಅಂತ ಕಾಯ್ತಾ ಅವೆ. ಮಳೆ ನಾವೇ ತರಾಣ."

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೇ ಸಿದ್ಧತೆ ಶುರುವಾಯಿತು. ಸೆಲ್ವರಾಜ್, ತಿಂದ ಋಣ ತೀರಿಸುವವನಂತೆ, ಹಸಿ ಬಿದಿರುಕಡ್ಡಿ ಬಗ್ಗಿಸಿ ಹುತ್ತದ ಮೇಲೆ ಚಪ್ಪರ ಕಟ್ಟಿದ. ಅಜ್ಜಿ ಗೋಣಿಚೀಲ ನೆನೆಸಿ ಅದರ ಮೇಲೆ ಹೊದಿಸಿದಳು. ಒಳಗೆ ಕತ್ತಲೆ, ತಂಪು. ಬಿಂದಿಗೆಯ ನೀರಿಗೆ ಬೇವಿನ ಸೊಪ್ಪು ಅದ್ದಿ ಅದ್ದಿ ಹುತ್ತದ ಮೇಲೆ ಚಿಮುಕಿಸಿದಳು. ಆಮೇಲೆ ಮೊರವನ್ನು ಬೋರಲು ಹಾಕಿ, ಹುತ್ತಕ್ಕೆ ಆನಿಸಿ, ಹತ್ತೂ ಬೆರಳ ತುದಿಯಿಂದ ತಟ್ಟತೊಡಗಿದಳು. ಮೊದಲು ಬಿಡಿಬಿಡಿ ಹನಿ, ಆಮೇಲೆ ದಟ್ಟ ಮಳೆ, ನಡುವೆ ಒಂದು ಬಿಡುವು, ಮತ್ತೆ ಸುರಿಯುವುದು. ಕಣ್ಣು ಮುಚ್ಚಿ ಕೇಳಿದರೆ ಶ್ಯಾಮಲಾಗೆ ನಿಜಕ್ಕೂ ತಲೆಯ ಮೇಲೆ ತಗಡಿನ ಶೀಟಿಗೆ ಮಳೆ ಬಿದ್ದ ಸದ್ದು ಕೇಳಿಸಿತು.

"ಮಳೆ ಬಂತು, ನಿಂತೋಯ್ತು, ಬಿಸಿಲು ಬಂತು ಅಂತ ಅವಕ್ಕೆ ಅನ್ನಿಸ್ಬೇಕು," ಎಂದಳು ಅಜ್ಜಿ. "ಬಿಸಿಲು ಬಿದ್ದ ಕೂಡ್ಲೇ ಗೋಣಿ ತೆಗೀಬೇಕು. ಮುಂಚೆ ತೆಗೆದ್ರೆ ಕೆಟ್ಟಂಗೆ."

ಆದರೆ ಹನ್ನೆರಡರ ಹೊತ್ತಿಗೆ ಮೋಡ ಕವಿಯಿತು. ಹನ್ನೆರಡೂವರೆ. ಅಜ್ಜಿಯ ಬೆರಳು ಸೋತು ಸೆಲ್ವರಾಜ್ ಮೊರ ಹಿಡಿದ. ಅವನ ಮಳೆ ಸ್ವಲ್ಪ ಮೆರವಣಿಗೆಯ ತಮಟೆಯಂತೆ ಕೇಳುತ್ತಿತ್ತು.

"ಮದುವೆ ಮನೆಗೆ ಒಡೀತಿದೀಯೇನಪ್ಪ? ಮಳೆ ತರ ಒಡಿ," ಎಂದಳು ಅಜ್ಜಿ.

"ಚಾಂಪಿಯನ್ ಮಳೆ ಹಿಂಗೇ ಅಕ್ಕ." ಅವನು ಶ್ಯಾಮಲಾ ಕಡೆ ತಿರುಗಿದ. "ಪಾಪಾ, ಇದಕ್ಕೆ ಯಾರ ಹೆಸರಿಡ್ತೀಯ? ನಿಂದಾ?"

"ತನ್ನ ಹೆಸರು ತಾನೇ ಇಟ್ಕೊಂಡ್ರೆ ಜನ ನಗ್ತಾರೆ ಮಾಮ. ಬೇರೆಯವರದ್ದು ಇಡಬಹುದು. ಊರಿನದ್ದು, ಬಣ್ಣದ್ದು, ಗುಣದ್ದು ಇಡಬಹುದು. ಒಂದು ಸಲ ಅಚ್ಚಾದರೆ ಪ್ರಪಂಚದಲ್ಲಿ ಎಲ್ಲರೂ ಅದನ್ನೇ ಅನ್ನಬೇಕು, ಜಪಾನಿನವರೂ. ಸೀಸೆಯಲ್ಲಿಟ್ಟದ್ದರಲ್ಲಿ ಒಂದನ್ನು ಆರಿಸಿ ಮ್ಯೂಸಿಯಮ್ಮಿನಲ್ಲಿ ಇಡ್ತಾರೆ. ನೂರು ವರ್ಷದ ಮೇಲೆ ಯಾರಿಗಾದ್ರೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡ್ತಾರೆ." ಹೇಳುತ್ತ ಹೇಳುತ್ತ ಅವಳ ಧ್ವನಿ ಏರಿತು. "ಅಜ್ಜೀದೇ ಇಡೋಣ ಅಂತ."

"ನನ್ನ ಎಸ್ರಾ?" ಅಮ್ಮಾಜಮ್ಮ ಗಾಬರಿಯಾದಳು. "ಗೆದ್ದಲಿಗಾ? ನಾಳೆ ಯಾರ್ದೋ ಮನೇಲಿ, ಅಮ್ಮಾಜಮ್ಮ ಬಾಗ್ಲು ತಿಂದ್ಲು, ಅಮ್ಮಾಜಮ್ಮಂಗೆ ಔಷ್ದಿ ಒಡೀರಿ ಅಂತಾರೆ. ಬ್ಯಾಡ ಕಣವ್ವ."

ಸೆಲ್ವರಾಜ್ ಎಷ್ಟು ನಕ್ಕನೆಂದರೆ ಮಳೆ ಕೆಲಹೊತ್ತು ನಿಂತೇಹೋಯಿತು. ಶ್ಯಾಮಲಾ ನೋಟ್‌ಬುಕ್ ತೆಗೆದು, ಕುಲದ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಪೆನ್ಸಿಲಿನಿಂದ ಬರೆದಳು: ಓಡಾಂಟೊಟರ್ಮಿಸ್ ಬಿಸಿಲು. ಬಾಯಿಬಿಟ್ಟು ಒಮ್ಮೆ ಓದಿದಳು. ಅಜ್ಜಿ ತಲೆಯಾಡಿಸಿದಳು. "ಅದು ಸರಿ. ಇದ್ದದ್ದನ್ನ ಇದ್ದಂಗೆ ಅಂದಂಗಾಯ್ತು."

ಒಂದು ಗಂಟೆ. ಒಂದೂ ಕಾಲು. ಮೋಡ ಅಲುಗಲಿಲ್ಲ. ಎರಡು ಗಂಟೆಗೆ ಬಸ್ಸು ಹಿಡಿಯದಿದ್ದರೆ ರೈಲು ತಪ್ಪುತ್ತದೆ. ಶ್ಯಾಮಲಾ ಗೋಣಿಯ ಅಂಚಿಗೆ ಕೈ ಹಾಕಿದಳು.

"ಬಿಡು," ಅಂದಳು ಅಜ್ಜಿ.

"ಇನ್ನು ಟೈಮಿಲ್ಲ ಅಜ್ಜಿ. ತೆಗೆದು ನೋಡೋಣ."

"ಅವಕ್ಕೆ ನಿನ್ನ ರೈಲು ಗೊತ್ತಿಲ್ಲ. ಕೈ ತೆಗಿ."

ಶ್ಯಾಮಲಾ ಕೈ ತೆಗೆದು ತನ್ನ ಮಡಿಲಲ್ಲೇ ಬಿಗಿಹಿಡಿದುಕೊಂಡಳು. ಒಂದೂ ಇಪ್ಪತ್ತೈದಕ್ಕೆ ಬೂದಿಗುಡ್ಡದ ನೆತ್ತಿ ಬೆಳ್ಳಗಾಯಿತು. ಬೆಳಕು ಗುಡ್ಡದ ಮೈಯಿಂದ ಇಳಿದು, ಶಾಫ್ಟಿನ ಗೋಡೆ ದಾಟಿ, ಅವರ ಕಡೆಗೇ ನಡೆದುಬರುತ್ತಿದ್ದುದು ಕಾಣುತ್ತಿತ್ತು. ಸೆಲ್ವರಾಜ್ ಬೆರಳುಗಳನ್ನು ಮೆಲ್ಲಗೆ ನಿಧಾನ ಮಾಡಿ, ಕೊನೆಯ ಹನಿ ಉದುರಿಸಿ, ನಿಲ್ಲಿಸಿದ. ಬಿಸಿಲು ಅಜ್ಜಿಯ ಪಾದ ಮುಟ್ಟಿತು.

"ಈಗ."

ಗೋಣಿ ಸರ್ರನೆ ಸರಿಯಿತು. ಒದ್ದೆ ಹುತ್ತ ಹೊಳೆಯಿತು. ಏನೂ ಇಲ್ಲ. ಆಗ ಕೆಳಗಿನ ಬಿರುಕಿನಲ್ಲಿ ಒಂದು ಕಂದು ತಲೆ, ಅದರ ಮುಂದೆ ಕುಡುಗೋಲಿನಂಥ ದವಡೆ.

"ಕಾವಲಿನವ ಬಂದ," ಎಂದಳು ಅಜ್ಜಿ ಪಿಸುದನಿಯಲ್ಲಿ. "ದಾರಿ ನೋಡೋಕೆ ಬತ್ತಾನೆ. ಬೆನ್ನಿಗೇ ಮಿಕ್ಕೋರು ಬತ್ತಾರೆ ನೋಡು."

ಇನ್ನೂ ಮೂರು ಸಿಪಾಯಿಗಳು ಬಂದು ಬಿರುಕಿನ ಎರಡೂ ಬದಿ ನಿಂತವು. ದುಡಿಯುವವು ಒಳಗಿನಿಂದ ಮಣ್ಣು ಕೆರೆದು ಬಾಗಿಲು ಅಗಲ ಮಾಡಿದವು. ಆಮೇಲೆ ಒಂದು ಈಸಲು, ಮಡಿಸಿದ ರೆಕ್ಕೆಯನ್ನು ಎಳೆದುಕೊಂಡು, ಹೊಸ ಸೀರೆ ಎಡವುವ ಹುಡುಗಿಯಂತೆ ಹೊಸ್ತಿಲು ದಾಟಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ನಿನ್ನೆಯಷ್ಟಲ್ಲದಿದ್ದರೂ ಸಾಲು ಸಾಲು.

ಶ್ಯಾಮಲಾ ಒಂದು ಕೈಯಲ್ಲಿ ಸೀಸೆ, ಒಂದು ಕೈಯಲ್ಲಿ ಒದ್ದೆ ಕುಂಚ ಹಿಡಿದು ಮಂಡಿಯೂರಿದಳು. ಕುಂಚದ ತುದಿಗೆ ಅಂಟಿಸಿ ಒಂದೊಂದನ್ನೇ ಸ್ಪಿರಿಟ್ಟಿಗೆ ಇಳಿಸಿದಳು, ರೆಕ್ಕೆ ಮುರಿಯದ ಹಾಗೆ. ಅದೇ ಬಿರುಕಿನ ಬಾಯಿಂದಲೇ ನಾಲ್ಕು ಸಿಪಾಯಿಗಳು. ಒಂದು ಅವಳ ಬೆರಳು ಕಚ್ಚಿ ರಕ್ತ ಬರಿಸಿತು. ಅವಳಿಗೆ ಅದನ್ನೂ ಮುದ್ದಾಡಬೇಕೆನಿಸಿತು. ಸೆಲ್ವರಾಜ್ ಕಾಗೆಗಳನ್ನು ಟವೆಲಿನಿಂದ ಓಡಿಸುತ್ತ, "ಪೋ, ಪೋ, ಇದು ಕಾಲೇಜಿಂದು," ಅನ್ನುತ್ತಿದ್ದ. ಅಮ್ಮಾಜಮ್ಮ ಮಾತ್ರ ತನ್ನೆರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು, ತನ್ನ ಕೈಯನ್ನೇ ತಾನು ನಂಬದವಳಂತೆ.

"ಒಂದೂ ಮುಟ್ಟಿಲ್ಲ, ನೋಡ್ಕೊ," ಎಂದಳು.

ಎರಡು ಗಂಟೆಯ ಬಸ್ಸನ್ನು ಅವಳು ಓಡುತ್ತಲೇ ಹತ್ತಿದಳು. ಆಂಡರ್ಸನ್‌ಪೇಟೆಯಲ್ಲಿ ಅದು ಹತ್ತು ನಿಮಿಷ ನಿಂತಾಗ, ಕಂಡಕ್ಟರು ಟೀ ಕುಡಿದು ಮುಗಿಸಲಿ ಎಂದು ಅವಳು ಸೀಸೆಯನ್ನು ಎದೆಗೊತ್ತಿಕೊಂಡು ಕಾದಳು. ಪಕ್ಕದ ಸೀಟಿನ ಹೆಂಗಸು, "ಏನಮ್ಮ ಅದು, ಔಷ್ದೀನಾ?" ಎಂದು ಕೇಳಿದಳು. "ಈಸಲು," ಎಂದಳು ಶ್ಯಾಮಲಾ. "ಇಷ್ಟೇನಾ? ಉರಿದ್ರೆ ಒಬ್ರಿಗೂ ಸಾಲ್ದು," ಎಂದಳು ಆಕೆ. ಶ್ಯಾಮಲಾ ಸೀಸೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ರೈಲು ಆಗಲೇ ಬಂದು ನಿಂತಿತ್ತು. ರಾಧಾಮಣಿ ಮೇಡಂ ಬಾಗಿಲ ಬಳಿ ನಿಂತು ಮೇಲ್ಸೇತುವೆಯ ಮೆಟ್ಟಿಲ ಕಡೆಯೇ ನೋಡುತ್ತಿದ್ದರು. ಅವಳು ಸೀಸೆ ಚಾಚಿದಳು. ಮೇಡಂ ಅದನ್ನು ಬೆಳಕಿಗೆ ಹಿಡಿದು ಲೆನ್ಸ್ ಕಣ್ಣಿಗಿಟ್ಟರು. ಜನ ಅವರನ್ನು ಬಳಸಿಕೊಂಡು ಹತ್ತಿದರು, ಇಳಿದರು.

"ಹನ್ನೊಂದು ರೆಕ್ಕೆಯವು. ನಾಲ್ಕು ಸಿಪಾಯಿ. ರೆಕ್ಕೆಗಳು ಪೂರಾ ಇವೆ. ಒಂದೇ ಹುತ್ತ?"

"ಒಂದೇ ಬಿರುಕು ಮೇಡಂ."

"ಎಷ್ಟು ಹೊತ್ತಿಗೆ?"

"ಒಂದೂವರೆ. ಬಿಸಿಲಲ್ಲಿ. ಮೂವರು ನೋಡಿದೀವಿ."

"ಚೀಟಿ ಎಲ್ಲಿ? ಚೀಟಿ ಇಲ್ಲದಿದ್ದರೆ ಇದು ಬರೀ ಹುಳ."

ಶ್ಯಾಮಲಾ ಬೆಂಚಿನ ಮೇಲೆ ಕೂತು ಬೆರಳಗಲದ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದಳು: ಚಾಂಪಿಯನ್ ರೀಫ್ಸ್, ಶಾಫ್ಟಿನ ಗೋಡೆಯ ಪಕ್ಕದ ಹುತ್ತ, ಮೇ ತಿಂಗಳ ಆ ಶುಕ್ರವಾರದ ತಾರೀಕು, ಹೊತ್ತು, ಹಿಡಿದವರಾಗಿ ಮೂವರ ಹೆಸರು. ಅಕ್ಷರ ದುಂಡಗೇ ಬಂದವು. ಸುರುಳಿ ಸುತ್ತಿ ಸ್ಪಿರಿಟ್ಟಿನೊಳಗೆ ಬಿಟ್ಟಳು. ಚೀಟಿ ಒಳಗೆ ನಿಧಾನ ಬಿಚ್ಚಿಕೊಂಡು ಸೀಸೆಯ ಗೋಡೆಗೆ ಆತುಕೊಂಡು ನಿಂತಿತು. ಮೇಡಂ ಮುಚ್ಚಳ ತಿರುಗಿಸಿ ಬಿಗಿದು, ಕರವಸ್ತ್ರದಲ್ಲಿ ಸುತ್ತಿ, ಬ್ಯಾಗಿನ ಒಳಜೇಬಿಗೆ ಇಳಿಸಿ ಜಿಪ್ ಎಳೆದರು.

"ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಬಂತು, ಶ್ಯಾಮಲಾ," ಎಂದು ಹೇಳಿ ರೈಲು ಹತ್ತಿದರು.